ಗುಲಾಬಿ ಬಣ್ಣವಲ್ಲದ ಗುಲಾಬಿ

ಕನ್ನಡದಲ್ಲಿ ಗುಲಾಬಿ ಎಂದರೆ ಹೂವೂ ಹೌದು, ಬಣ್ಣವೂ ಹೌದು. ಸೀರೆಯಂಗಡಿಯಲ್ಲಿ ಕುಳಿತು 'ಗುಲಾಬಿ ತೋರಿಸಿ' ಎಂದರೆ ಯಾರೂ ಹೂ ತಂದುಕೊಡುವುದಿಲ್ಲ. ನಿಜವಾಗಿ ನೋಡಿದರೆ ಈ ಶಬ್ದದ ಮೂಲಾರ್ಥ ಹೂವೂ ಅಲ್ಲ, ಬಣ್ಣವೂ ಅಲ್ಲ. ಪಾರಸಿಯಲ್ಲಿ 'ಗುಲ್' ಎಂದರೆ ಹೂ, 'ಆಬ್' ಎಂದರೆ ನೀರು. ಗುಲಾಬ್ ಎಂದರೆ ನಮ್ಮ ಪನ್ನೀರು. ನೀರಿನ ಹೆಸರು ಹೂವಿಗೆ ಬಂತು, ಹೂವಿನ ಹೆಸರು ಬಣ್ಣಕ್ಕೆ ಹೋಯಿತು. ಹೀಗೆ ಕೈಯಿಂದ ಕೈಗೆ ದಾಟಿ ಬಂದ ಹೆಸರನ್ನು ನಮ್ಮ ಮನೆಯಂಗಳದ ಗಿಡವೊಂದು ಸುಳ್ಳು ಮಾಡಿ ನಿಂತಿದೆ. ಅದರ ಹೂ ಗುಲಾಬಿ, ಬಣ್ಣ ಗುಲಾಬಿಯಲ್ಲ.

ಮತ್ತೆ ಯಾವ ಬಣ್ಣ ಎಂದು ಕೇಳಿದರೆ, ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನಾನೂ ತಡವರಿಸಬೇಕಾಗುತ್ತದೆ. ಇಂಗ್ಲಿಷಿನವರು ಲಾವೆಂಡರ್ ಎನ್ನುತ್ತಾರೆ. ನಮ್ಮಲ್ಲಿ ಬಹುಮಂದಿಗೆ ಲಾವೆಂಡರಿನ ಪರಿಚಯ ಪೌಡರಿನ ಡಬ್ಬಿಯಿಂದ ಆದದ್ದು. ಅದು ವಾಸನೆಯೇ ಹೊರತು ಬಣ್ಣವಲ್ಲ. ನೇರಳೆ ಎನ್ನೋಣವೆಂದರೆ ಹಣ್ಣು ತಿಂದ ನಾಲಗೆಯ ಕಡುಬಣ್ಣ ಕಣ್ಣಿಗೆ ಕಟ್ಟುತ್ತದೆ. ಊದಾ ಎಂಬುದು ಜವಳಿಯಂಗಡಿಯ ಮಾತು. ತಿಳಿನೇರಳೆ ಎಂದರೆ ವ್ಯಾಕರಣಕ್ಕೇನೋ ಸರಿ, ಕಣ್ಣಿಗೆ ಸಾಲದು. ಒಂದು ರಾತ್ರಿ ಕಿಟೆಲ್ ಸಾಹೇಬರ ನಿಘಂಟನ್ನೇ ತೆರೆದು ಕುಳಿತಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥದಲ್ಲಿ ಒಂದು ಶಬ್ದ ಹುಡುಕಲು ಹೋದವನು ಬೇರೆ ಹತ್ತು ಶಬ್ದಗಳ ಜೊತೆ ಹರಟಿ ಬರಿಗೈಯಲ್ಲಿ ಏಳುವುದು ಹೊಸದೇನಲ್ಲ. ಅಂದೂ ಹಾಗೆಯೇ ಆಯಿತು.

ಗಿಡದ ಹೆಸರು 'ಬ್ಲೂ ಮೂನ್'. ಬೆಂಗಳೂರಿನ ನರ್ಸರಿಯೊಂದರಲ್ಲಿ ಕೊಂಡು, ಘಟ್ಟದ ತಿರುವುಗಳಲ್ಲೆಲ್ಲ ಮಡಿಲಲ್ಲಿಟ್ಟುಕೊಂಡು, ಕುಂದಾಪುರಕ್ಕೆ ತಂದೆ. ಹೆಸರು ಇಂಗ್ಲಿಷಿನದಾದರೂ ಹುಟ್ಟು ಜರ್ಮನಿಯದು. 1960ರ ದಶಕದ ನಡುವಿನಲ್ಲಿ ಟಾಂಟಾವ್ ಎಂಬ ಗುಲಾಬಿ ತಜ್ಞ ಇದನ್ನು ಹೊರತಂದ. ಅದಕ್ಕೂ ಮೊದಲು, 1957ರಲ್ಲಿ, ಅಮೆರಿಕದ ಗ್ಲಾಡಿಸ್ ಫಿಶರ್ ಎಂಬಾಕೆ 'ಸ್ಟರ್ಲಿಂಗ್ ಸಿಲ್ವರ್' ಎಂಬ ಬೆಳ್ಳಿನೇರಳೆಯ ಗುಲಾಬಿಯನ್ನು ಲೋಕಕ್ಕೆ ಕೊಟ್ಟಿದ್ದಳು. ಅದರ ತಂದೆ 'ಪೀಸ್' ಎಂಬ ಪ್ರಖ್ಯಾತ ಹಳದಿ ಗುಲಾಬಿ! ಹಳದಿಯ ಮನೆಯಲ್ಲಿ ನೇರಳೆ ಹುಟ್ಟುವುದು ಗುಲಾಬಿಗಳ ಕುಲದಲ್ಲಿ ಮಾತ್ರ ಸಾಧ್ಯ.

ಹೆಸರಿನಲ್ಲಿ ನೀಲಿಯಿದ್ದರೂ ಹೂವಿನಲ್ಲಿ ನೀಲಿಯಿಲ್ಲ. ಶಂಖಪುಷ್ಪದಂಥ ಹೂಗಳಿಗೆ ನೀಲಿ ಕೊಡುವ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಶಕ್ತಿಯೇ ಗುಲಾಬಿಗೆ ಇಲ್ಲ. ಕೆಂಪು ಗುಲಾಬಿಯ ಬಣ್ಣದ್ರವ್ಯವೇ ಬೇರೆ ಕೆಲವು ದ್ರವ್ಯಗಳ ಸಂಗದಲ್ಲಿ ಹೀಗೆ ನಸುನೇರಳೆಯಾಗಿ ತೋರುತ್ತದೆ. ಜಪಾನಿನ ಸಂಟೋರಿ ಎಂಬ ಮದ್ಯದ ಕಂಪನಿಯವರು ಪ್ಯಾನ್ಸಿ ಹೂವಿನ ಜೀನನ್ನು ಗುಲಾಬಿಗೆ ಸೇರಿಸಿ 2004ರಲ್ಲಿ 'ನೀಲಿ ಗುಲಾಬಿ' ಬಂತೆಂದು ಸಾರಿದರು. 2009ರಲ್ಲಿ ಅದನ್ನು ಮಾರಾಟಕ್ಕೂ ತಂದರು. ಚಿತ್ರದಲ್ಲಿ ನೋಡಿದೆ. ಅದೂ ನಮ್ಮಂಗಳದ ಹೂವಿನ ಬಣ್ಣಕ್ಕೇ ಹತ್ತಿರ. ಅಷ್ಟು ವರ್ಷ, ಅಷ್ಟು ಹಣ ಸುರಿದೂ ನಮ್ಮ ಮಟ್ಟಕ್ಕೇ ಬಂದರಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತೆಂದರೆ ವಾಚಕರು ಕ್ಷಮಿಸಬೇಕು.

ಕಡಲ ಬದಿಯಲ್ಲಿ ಗುಲಾಬಿ ಸಾಕುವುದು ಸುಲಭದ ಮಾತಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಸಾಮಾನ್ಯವಾಗಿ 3500ನ್ನು ಮೀರುತ್ತದೆ, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗುಲಾಬಿಯ ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಕಪ್ಪುಚುಕ್ಕೆ ರೋಗ ಹಿಡಿಯುತ್ತದೆ. ಆಷಾಢದಲ್ಲಿ ನಮ್ಮ ಎಲೆಗಳು ಏಳು ದಿನವೂ ಒಣಗುವುದಿಲ್ಲ. ಆದ್ದರಿಂದ ಗಿಡ ಇರುವುದು ನೆಲದಲ್ಲಲ್ಲ, ದೊಡ್ಡ ಮಣ್ಣಿನ ಕುಂಡದಲ್ಲಿ; ಮಳೆಗಾಲದಲ್ಲಿ ಅದಕ್ಕೆ ಮಾಡಿನಡಿಯ ಜಗಲಿಯಲ್ಲಿ ವಾಸ. ಜಗಲಿಯಲ್ಲಿ ಇಬ್ಬರು ಕೂರುವ ಜಾಗವನ್ನು ಅದು ಆಕ್ರಮಿಸಿಕೊಂಡಿದೆ. ಕೆಂಪು ಮುರಮಣ್ಣನ್ನು ಹಾಗೆಯೇ ತುಂಬಿದರೆ ಗಟ್ಟಿಯಾಗಿ ಕೂರುತ್ತದೆಂದು ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ, ಹೊಳೆಮರಳು ಬೆರೆಸಿದ್ದೇನೆ. ಕಪ್ಪುಚುಕ್ಕೆಗೆ ಮದ್ದು ಹೇಳಿಕೊಟ್ಟವರು ಅಡಕೆ ತೋಟದ ಭಾವ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು–ಸುಣ್ಣದ ದ್ರಾವಣವೇ ಅದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಕೆಗೆ ಬಳಕೆಗೆ ತಂದರು. ಅಡಕೆಗೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನನ್ನ ಒಂಟಿ ಗಿಡಕ್ಕೆ ಲೀಟರಿಗೆ ಐದೈದು ಗ್ರಾಂ. ತಕ್ಕಡಿ ಹಿಡಿದು ಕೂತ ನನ್ನನ್ನು ಕಂಡು ನನ್ನ ಹೆಂಡತಿ, 'ಚಿನ್ನ ತೂಗುವುದಾ?' ಎಂದು ಕೇಳಿದಳು.

ಮಳೆ ಹೋದರೆ ಬಿಸಿಲು. ಈ ಬಣ್ಣಕ್ಕೆ ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಆಗದು. ಎರಡು ದಿನದಲ್ಲಿ ತೊಳೆದ ಬಟ್ಟೆಯಂತೆ ಬಿಳಿಚುತ್ತದೆ. ಏಪ್ರಿಲ್ ಬಂತೆಂದರೆ ಬಾವಿಯ ನೀರು ಉಪ್ಪಾಗತೊಡಗುತ್ತದೆ. ಪಡುವಣ ಗಾಳಿ ಎಲೆಯ ಮೇಲೆ ಉಪ್ಪು ಕೂರಿಸುತ್ತದೆ. ಪಕ್ಕದ ಹಿತ್ತಿಲಲ್ಲಿ ಮಲ್ಲಿಗೆ ಬೆಳೆದು, ಚೆಂಡು ಕಟ್ಟಿ, ಅಟ್ಟೆಯ ಲೆಕ್ಕದಲ್ಲಿ ಮಾರುವ ಬಾಯಮ್ಮ ಬೇಲಿಯಾಚೆ ನಿಂತು ಹೇಳಿದರು: 'ಮಾಷ್ಟ್ರೇ, ಮಲ್ಲಿಗೆ ಮನೆಮಗಳ ಹಾಗೆ. ನಿಮ್ಮದು ಅಳಿಯನ ಹಾಗೆ, ಎಷ್ಟು ಉಪಚಾರ ಮಾಡಿದರೂ ಮುಖ ಊದಿಸಿಯೇ ಇರುವುದು.'

ಆದರೂ ಅಕ್ಟೋಬರಿನಲ್ಲಿ ಹೊರಮೊಗದ ಕಣ್ಣು ನೋಡಿ ರೆಂಬೆ ಸವರಿದ್ದಕ್ಕೆ ಡಿಸೆಂಬರಿನ ಮೊದಲ ವಾರ ಹೂ ಬಿಟ್ಟಿತು. ಚಳಿ ಎಂದು ನಾವು ಕರೆಯುವ ನಾಲ್ಕು ದಿನದ ತಂಪಿನಲ್ಲಿ ಬಣ್ಣ ಗಾಢವಾಗಿತ್ತು. ನಿಂಬೆಯ ಛಾಯೆಯ ಪರಿಮಳ. ಮೊದಲ ಹೂವನ್ನು ಕೊಯ್ದು ಅಮ್ಮನ ಕೈಗೆ ಕೊಟ್ಟೆ. ಮೂಸಿ ನೋಡಿ ತಲೆದೂಗಿದಳು. ಆಮೇಲೆ ಕಣ್ಣಿನ ಹತ್ತಿರ ಹಿಡಿದು, 'ಪರಿಮಳ ಲಾಯ್ಕಿತ್ತ್. ಬೂದಿ ಬಣ್ಣದ ಹೂಗು ಎಂತಕಾ ಮಾಣಿ?' ಎಂದಳು.

ನನ್ನ ಅಮ್ಮನ ಬಾಯಲ್ಲಿ ಬಣ್ಣಗಳ ಹೆಸರಿಗೆ ಎಂದೂ ಬಡತನವಿರಲಿಲ್ಲ. ಅಬ್ಬಲಿಗೆ ಬಣ್ಣ, ಈರುಳ್ಳಿಸಿಪ್ಪೆ ಬಣ್ಣ, ನವಿಲುಕತ್ತು, ಗಿಳಿಹಸಿರು, ಚಿಗುರೆಲೆ ಎಂದು ಪೆಟ್ಟಿಗೆಯ ಒಂದೊಂದು ಸೀರೆಗೂ ಆಕೆ ಒಂದೊಂದು ಹೆಸರಿಟ್ಟವಳು. ಆಕೆಗೆ ಇದು ಬೂದಿಯಾಗಿ ಕಂಡಿತೆಂದರೆ ದೋಷ ಹೂವಿನಲ್ಲಿರಲಾರದು. ಎರಡು ವರ್ಷದಿಂದ ಆಕೆ ಮಲ್ಲಿಗೆಯನ್ನು ಬೆರಳಿನ ಅಂದಾಜಿನಲ್ಲೇ ಕಟ್ಟುತ್ತಿದ್ದಳು. ಒಮ್ಮೆ ಬಾವಿಕಟ್ಟೆಯ ಮೆಟ್ಟಿಲಲ್ಲಿ ಮುಗ್ಗರಿಸಿ, ಹಗ್ಗ ಹಿಡಿದು ಉಳಿದಿದ್ದಳು. ಕಣ್ಣಿನ ವೈದ್ಯರ ಮಾತೆತ್ತಿದರೆ, 'ಎಪ್ಪತ್ತೆಂಟಾಯ್ತ್, ಇನ್ನ್ ಕಾಂಬ್ದ್ ಎಂತ ಬಾಕಿ ಇತ್ತ್?' ಎಂದು ಮಾತು ಮುಗಿಸುತ್ತಿದ್ದಳು. ಆ ಬಿಗುಮಾನದ ಹಿಂದೆ ಹೆದರಿಕೆಯಿತ್ತು. ಬಹಳ ಹಿಂದೆ ಯಾವುದೋ ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ನನ್ನ ದೊಡ್ಡಮ್ಮ ಒಂದು ಕಣ್ಣನ್ನು ಪೂರ್ತಿ ಕಳೆದುಕೊಂಡಿದ್ದಳು. ಅದನ್ನು ಕಂಡವಳಿಗೆ 'ಈಗ ಕಾಲ ಬದಲಾಗಿದೆ' ಎಂದು ಹೇಳುವುದು ಸುಲಭ. ಅದನ್ನು ನಂಬುವುದು ಆಕೆಗೆ ಸುಲಭವಲ್ಲ.

ಹೂ ನನಗೆ ಒಂದು ದಾರಿ ತೋರಿತು. ನಾನು ಕಣ್ಣಿನ ಮಾತು ಬಿಟ್ಟು ಬಣ್ಣದ ಮಾತು ಹಿಡಿದೆ. ಹೆಂಡತಿಯನ್ನು ಕೇಳಿದೆ, ಬಾಯಮ್ಮನನ್ನು ಕೇಳಿದೆ, ಹಾಲು ತರುವ ಹುಡುಗನನ್ನು ಕೇಳಿದೆ. ಎಲ್ಲರೂ ಅಮ್ಮನ ಎದುರಿಗೇ ನೇರಳೆ ಎಂದರು. ಅಮ್ಮ ಆ ದಿನವೆಲ್ಲ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ, 'ನಂಗೆ ಮಾತ್ರ ಬೂದಿಯಾ?' ಎಂದು ಕೇಳಿದಳು. ಆ ಸ್ವರ ನನಗೆ ಇನ್ನೂ ಮರೆತಿಲ್ಲ.

ಮುಪ್ಪಿನಲ್ಲಿ ಕಣ್ಣಿನ ಮಸೂರ ಹಳದಿಗಟ್ಟುತ್ತದೆಂದೂ, ಹಳದಿ ಗಾಜು ಮೊದಲು ತಡೆಯುವುದು ನೀಲಿ–ನೇರಳೆಯ ಬೆಳಕನ್ನೇ ಎಂದೂ ವೈದ್ಯರು ವಿವರಿಸಿದರು. ಫೆಬ್ರವರಿಯಲ್ಲಿ ಬಲಗಣ್ಣಿನ ಪೊರೆ ತೆಗೆದು ಕೃತಕ ಮಸೂರ ಕೂರಿಸಿದರು. ಅರ್ಧ ಗಂಟೆಯ ಕೆಲಸ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ನನಗೆ ದೊಡ್ಡಮ್ಮನ ಮುಖವೇ ಕಾಣುತ್ತಿತ್ತು. ಮರುದಿನ ಪಟ್ಟಿ ಬಿಚ್ಚಿದಾಗ ಅಮ್ಮ ಮೊದಲು ನೋಡಿದ್ದು ನನ್ನನ್ನು. 'ನಿಂಗೆ ಇಷ್ಟ್ ಹಣ್ಣ್ ಕೂದಲಾ!' ಎಂದಳು.

ಗಿಡದಲ್ಲಿ ಆಗ ಒಂದೇ ಹೂವಿತ್ತು, ಬಿಸಿಲಿಗೆ ಸ್ವಲ್ಪ ಬಾಡಿದ್ದು. ಅಮ್ಮ ಕಪ್ಪು ಕನ್ನಡಕ ತೆಗೆದು ಅದನ್ನು ನೋಡಿದಳು. ಹಿಂಜರಿಯದೆ, 'ಇದ್ ಬದನೆ ಹೂಗಿನ ಬಣ್ಣ ಅಲ್ದಾ' ಎಂದಳು. ಹಿತ್ತಿಲ ಬದನೆಯ ಪಾತಿಗೆ ಹೋಗಿ ಒಂದು ಹೂ ಕಿತ್ತು ತಂದು ಪಕ್ಕದಲ್ಲಿಟ್ಟು ನೋಡಿದೆ. ಅದೇ ಬಣ್ಣ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಿಘಂಟನ್ನು ಕಪಾಟಿಗೆ ಸೇರಿಸಿದೆ.

ಎಡಗಣ್ಣು ಇನ್ನೂ ಬಾಕಿ. ಒಂದು ತಿಂಗಳ ಮೇಲೆ ಮಾಡಬಹುದೆಂದು ವೈದ್ಯರು ಹೇಳಿದ್ದರು. ಅಮ್ಮ ವಿಷು ಕಳೆಯಲಿ ಎಂದಳು, ವಿಷು ಕಳೆಯಿತು. ಬೆಳಿಗ್ಗೆ ಜಗಲಿಯಲ್ಲಿ ಕುಳಿತು, ಅಂಗೈಯಿಂದ ಒಂದು ಕಣ್ಣು ಮುಚ್ಚಿ ಹೂ ನೋಡುತ್ತಾಳೆ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡುತ್ತಾಳೆ. 'ಒಂದ್ ಕಣ್ಣಂಗೆ ಬದನೆ ಹೂಗು, ಒಂದ್ ಕಣ್ಣಂಗೆ ಬೂದಿ. ಒಂದೇ ಗಿಡದಂಗೆ ಎರಡ್ ನಮೂನೆ ಸಿಕ್ಕತ್ತ್. ಎಂತ ಅರ್ಜೆಂಟ್?' ಎನ್ನುತ್ತಾಳೆ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1923ರಲ್ಲಿ ಬಲಗಣ್ಣಿಗೆ ಮಾತ್ರ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಎಡಗಣ್ಣಿಗೆ ಕೊನೆಯವರೆಗೂ ಒಪ್ಪದೆಯೇ ಹೋದನಂತೆ. ಮಳೆ ಹಿಡಿಯುವ ಮೊದಲಿನ ಒಂದು ಸೋಮವಾರವನ್ನು ನಾನು ಗೊತ್ತುಮಾಡಿಕೊಂಡು ಬಂದಿದ್ದೇನೆ. ಅಲ್ಲಿಯವರೆಗೆ ಮೊನೆಯ ಸಂಗತಿ ಅಮ್ಮನ ಕಿವಿಗೆ ಬೀಳದಂತೆ ಎಚ್ಚರವಹಿಸಿದ್ದೇನೆ.