ಎರಡು ಆನೆ, ಒಂದು ಕಾಲಾಳು

ಚದುರಂಗದ ಪುಸ್ತಕ ಬರೆದವರು ಬಹುಮಟ್ಟಿಗೆ ಗೆಲ್ಲುವವನ ಬೆನ್ನ ಹಿಂದೆ ನಿಂತು ಬರೆದಿದ್ದಾರೆ. ‘ಬಿಳಿಯವನು ಆಡಿ ಗೆಲ್ಲುತ್ತಾನೆ’ ಎಂಬ ಒಕ್ಕಣೆಯ ಚಿತ್ರಗಳು ಎಷ್ಟಿಲ್ಲ! ಅವನ ಎದುರಿಗೆ ಒಬ್ಬ ಕುಳಿತಿರುತ್ತಾನಲ್ಲ, ಒಂದು ಕಾಲಾಳು ಕಡಿಮೆಯಾಗಿ, ಆದರೂ ಎದ್ದುಹೋಗದೆ, ಅವನ ಯೋಗಕ್ಷೇಮ ವಿಚಾರಿಸುವವರು ಕಡಿಮೆ. ನಾನು ಚಿಕ್ಕಂದಿನಿಂದಲೂ ಅವನ ಪಕ್ಷ. ನಂದೊಳ್ಳಿಯ ಮಳೆಗಾಲವೂ ನನ್ನ ದೊಡ್ಡಪ್ಪನೂ ಇದಕ್ಕೆ ಕಾರಣ.

ಯಲ್ಲಾಪುರದಿಂದ ಮಾಗೋಡಿನ ಜಲಪಾತ ನೋಡಲು ಹೋಗುವವರು ನಮ್ಮ ಸೀಮೆಯನ್ನು ದಾಟಿ ಹೋಗುತ್ತಾರೆ. ಆದರೆ ಅವರ ಕಣ್ಣೆಲ್ಲ ಜಲಪಾತದ ಮೇಲೆ. ಮಳೆ ಹಿಡಿಯಿತೆಂದರೆ ಅಡಕೆ ತೋಟದವನಿಗೆ ಒಂದೇ ಚಿಂತೆ, ಕೊಳೆರೋಗ. ಮೈಲುತುತ್ತ ಸುಣ್ಣ ಬೆರೆಸಿ ಔಷಧಿ ಸಿದ್ಧಮಾಡಿಕೊಂಡು ಕೊನೆಗೌಡನ ದಾರಿ ಕಾಯಬೇಕು. ಅವನು ಬಂದರೆ ಮಳೆ ಬಿಡುವುದನ್ನು ಕಾಯಬೇಕು. ಈ ಎರಡು ಕಾಯುವಿಕೆಗಳ ನಡುವೆ ಜಗಲಿಯಲ್ಲಿ ಚದುರಂಗದ ಮಣೆ ಹಾಸಿಕೊಳ್ಳುತ್ತಿತ್ತು. ದೊಡ್ಡಪ್ಪ ಪುಸ್ತಕ ಮುಟ್ಟಿದವರಲ್ಲ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುವ ಹಳೆಯ ಪದ್ಧತಿಯ ಆಟ ಅವರದು. ಕಾಯಿಗಳೆಲ್ಲ ಹೋಗಿ ನಾನು ಕೈ ಚೆಲ್ಲಿ ಕೂತಾಗ, “ಇನ್ನೂ ಮುಗದ್ದಿಲ್ಲೆ ತಮಾ” ಎನ್ನುವರು. ನಾನು ನನ್ನ ಆನೆಯನ್ನು ಕಾಲಾಳಿನ ಮಗ್ಗುಲಲ್ಲಿ ಕಾವಲಿಗಿಟ್ಟರೆ ಅವರಿಗೆ ಸಿಟ್ಟು ಬರುತ್ತಿತ್ತು: “ಆನೆಯ ಕಟ್ಟಿಹಾಕಡ. ತಿರುಗಲೆ ಬಿಡು.”

ಮೂಲೆಯ ಈ ಕಾಯಿಯನ್ನು ಪಶ್ಚಿಮದವರು ಕೋಟೆಯ ಬುರುಜಿನಂತೆ ಕಡೆದರು. ನಮ್ಮಲ್ಲಿ ಅದು ಆನೆ. ಆಟದ ಕೊನೆಯ ಘಟ್ಟಕ್ಕೆ ನಮ್ಮ ಹೆಸರೇ ಸರಿ ಎಂದು ನನ್ನ ಅಭಿಪ್ರಾಯ. ಬುರುಜು ನಿಂತಲ್ಲಿ ನಿಂತು ಕಾಯುತ್ತದೆ. ಕಾಲಾಳು ಕಳೆದುಕೊಂಡವನ ಆನೆ ಹಾಗೆ ನಿಂತರೆ ಕೆಟ್ಟಿತು. ಇನ್ನೊಂದು ಕಾಲಾಳನ್ನು ಬಿಟ್ಟುಕೊಟ್ಟಾದರೂ ಅದು ಬಯಲಿಗೆ ಬರಬೇಕು. ಆನೆಗಳ ಅಂತ್ಯದಾಟವೆಲ್ಲ ಕೊನೆಗೆ ಸಮವೇ ಎಂಬ ಚತುರೋಕ್ತಿಯೊಂದುಂಟು. ಅದನ್ನು ಟಾರಾಷ್ ಹೇಳಿದನೆಂದು ಕೆಲವರು, ತಾರ್ತಾಕೋವರ್ ಹೇಳಿದನೆಂದು ಕೆಲವರು. ಯಾರು ಹೇಳಿದ್ದರೂ, ಒಂದು ಕಾಲಾಳು ಕಡಿಮೆಯಿಟ್ಟುಕೊಂಡು ಮೂರು ತಾಸು ಕುಳಿತು ಆ ಸಮವನ್ನು ಸಂಪಾದಿಸಬೇಕಾದವನಿಗೆ ಅದು ಅಷ್ಟು ನಗೆಯ ಮಾತಾಗಿ ಕೇಳುವುದಿಲ್ಲ.

ದೊಡ್ಡಪ್ಪ ಜಗಲಿಯಲ್ಲಿ ಹೇಳಿದ್ದಕ್ಕೆ ಲೆಕ್ಕಾಚಾರ ಒದಗಿಸಿದವನು ಫಿಲಿಡೋರ್ ಎಂಬ ಫ್ರೆಂಚರವನು. ವೃತ್ತಿಯಿಂದ ಸಂಗೀತಗಾರ, ಗೀತನಾಟಕಗಳಿಗೆ ಸ್ವರ ಹಾಕಿದವನು. ಅವನು 1777ರಲ್ಲಿ ಬಿಡಿಸಿ ತೋರಿಸಿದ ರಕ್ಷಣೆ ಇಂದಿಗೂ ಅವನ ಹೆಸರಿನಲ್ಲೇ ಇದೆ. ಎದುರಾಳಿಗೆ ರಾಜ, ಆನೆ, ಒಂದು ಕಾಲಾಳು. ನಮಗೆ ರಾಜ, ಆನೆ. ನಮ್ಮ ರಾಜ ಆ ಕಾಲಾಳಿನ ದಾರಿಯ ಕೊನೆಯ ಮನೆಯನ್ನು ಹಿಡಿದು ಕೂರಬೇಕು. ಆನೆ ನಮ್ಮ ಕಡೆಯಿಂದ ಎಣಿಸಿದರೆ ಮೂರನೆಯ ಸಾಲಿನಲ್ಲಿ ಅತ್ತಿಂದಿತ್ತ ಓಡಾಡುತ್ತಿರಬೇಕು. ಅದು ಆ ಸಾಲಿನಲ್ಲಿರುವ ತನಕ ಎದುರಾಳಿಯ ರಾಜ ಅಲ್ಲಿಗೆ ಕಾಲಿಡಲಾರ. ಬೇಸತ್ತು ಅವನು ಕಾಲಾಳನ್ನೇ ಆ ಸಾಲಿಗೆ ನೂಕಿದನೋ, ಕೂಡಲೇ ನಮ್ಮ ಆನೆ ಮಣೆಯ ಆ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡಲು ತೊಡಗಬೇಕು. ರಾಜನಿಗೆ ಮರೆಯಾಗಬಹುದಾಗಿದ್ದ ಒಂದೇ ಮನೆಯಲ್ಲಿ ಈಗ ಅವನದೇ ಕಾಲಾಳು ನಿಂತಿದೆ! ಬಿಸಿಲಲ್ಲಿ ನಿಂತ ದೊರೆಗೆ ಕೊಡೆ ಹಿಡಿಯಬೇಕಾದವನೇ ನೆರಳನ್ನು ಆಕ್ರಮಿಸಿದ ಹಾಗೆ.

ಇದಕ್ಕೆ ಎದುರಾದದ್ದು ಲುಸೇನಾನ ಹೆಸರಿನ ಸ್ಥಿತಿ. ಅಲ್ಲಿ ಕಾಲಾಳು ಏಳನೆಯ ಸಾಲು ಮುಟ್ಟಿರುತ್ತದೆ, ಅದರ ರಾಜ ಮುಂದಿನ ಮನೆಯಲ್ಲಿರುತ್ತಾನೆ, ನಮ್ಮ ರಾಜ ದೂರ ಸಿಕ್ಕಿಬಿದ್ದಿರುತ್ತಾನೆ. ಆಗ ಎದುರಾಳಿ ಆನೆಯನ್ನು ನಾಲ್ಕನೆಯ ಸಾಲಿಗೆ ತಂದು ಚೆಕ್‌ಗಳಿಗೆ ಅಡ್ಡ ಹಿಡಿದು ದಾಟಿಹೋಗುತ್ತಾನೆ. ಇದಕ್ಕೆ ಸೇತುವೆ ಕಟ್ಟುವುದು ಎಂದು ಹೆಸರಿಟ್ಟವನು ನಿಮ್ಜೋವಿಚ್. ನಮ್ಮ ಕಡೆಯವನಾಗಿದ್ದರೆ ಸಂಕ ಹಾಕುವುದು ಎನ್ನುತ್ತಿದ್ದ. ತಮಾಷೆಯೆಂದರೆ ಲುಸೇನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಸ್ಥಿತಿ ಇಲ್ಲವೇ ಇಲ್ಲ. ಅದು ಕಾಣಿಸಿಕೊಂಡದ್ದು 1634ರಲ್ಲಿ, ಸಾಲ್ವಿಯೋ ಎಂಬ ಇಟಲಿಯವನ ಪುಸ್ತಕದಲ್ಲಿ. ಒಬ್ಬರ ತೋಟದ ಕೊನೆ ಇನ್ನೊಬ್ಬರ ಅಂಗಳದಲ್ಲಿ ಒಣಗುವುದು ಚದುರಂಗದಲ್ಲೂ ಉಂಟು.

ಇಷ್ಟೆಲ್ಲ ಓದಿಕೊಂಡು, ತಲೆ ನರೆತ ಮೇಲೆ, ನಾನು ಹುಬ್ಬಳ್ಳಿಯ ಒಂದು ಪಂದ್ಯಾವಳಿಗೆ ಹೆಸರು ಕೊಟ್ಟೆ. ಅಂತರರಾಷ್ಟ್ರೀಯ ರೇಟಿಂಗ್ ಎಂಬ ಅಂಕಿ ನನ್ನ ಹೆಸರಿಗೂ ಅಂಟಲಿ ಎಂಬ ಆಸೆ. ಆ ಅಂಕಿಗೆ ಒಂದು ನಿಯಮವಿದೆ. ಹೊಸಬನು ತನ್ನ ಮೊದಲ ಪಂದ್ಯಾವಳಿಯಲ್ಲಿ ರೇಟಿಂಗ್ ಉಳ್ಳವರ ಎದುರು ಕನಿಷ್ಠ ಅರ್ಧ ಅಂಕವನ್ನಾದರೂ ಗಳಿಸದಿದ್ದರೆ ಅವನ ಆಟಗಳು ಲೆಕ್ಕಕ್ಕೇ ಬರುವುದಿಲ್ಲ. ಕೊನೆಯ ಸುತ್ತಿನ ಹೊತ್ತಿಗೆ ನನ್ನ ಗಳಿಕೆ ಅಂಥವರ ಎದುರು ಸೊನ್ನೆ. ಮುಂದೆ ಕುಳಿತವನು ಹನ್ನೆರಡು ವರ್ಷದ ಹುಡುಗ. ನೆಲ ಮುಟ್ಟದ ಕಾಲುಗಳನ್ನು ಆಡಿಸುತ್ತಿದ್ದ. ಗೆದ್ದರೆ ಅವನ ವಯಸ್ಸಿನವರಲ್ಲಿ ಮೊದಲ ಬಹುಮಾನ ಎಂದು ಅವನ ತಾಯಿ ಹೊರಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

ಹುಡುಗ ಚೆನ್ನಾಗಿ ಆಡಿ ಒಂದು ಕಾಲಾಳನ್ನು ಕಸಿದುಕೊಂಡ. ಉಳಿದದ್ದು ಇಬ್ಬರಿಗೂ ಒಂದೊಂದು ಆನೆ. ಅವನಿಗೆ ನಾಲ್ಕು ಕಾಲಾಳು, ನನಗೆ ಮೂರು, ಎಲ್ಲವೂ ಮಣೆಯ ಒಂದೇ ಮಗ್ಗುಲಿಗೆ. ಹರಡಿಕೊಂಡಿದ್ದರೆ ನನ್ನ ಕತೆ ಮುಗಿಯುತ್ತಿತ್ತು. ಒಂದೇ ಮಗ್ಗುಲೆಂದರೆ ಉಸಿರು ಉಂಟು. ನಾನು ಅಂಚಿನ ಕಾಲಾಳನ್ನು ಎರಡು ಮನೆ ಮುಂದಕ್ಕೆ ಇಟ್ಟೆ. ಅದು ಅಲ್ಲಿದ್ದರೆ ಎದುರಾಳಿ ಬಿಡುಬೀಸಾಗಿ ಮುಂದೊತ್ತಲಾರ. ಒತ್ತಿದರೆ ಒಂದು ಜೊತೆ ಕಾಲಾಳು ಹೋಗುತ್ತದೆ. ಕಾಲಾಳು ಬದಲಾದಷ್ಟೂ ಲಾಭ ಕಡಿಮೆಯಿದ್ದವನಿಗೇ. ಹಾಗೆಯೇ ಆಯಿತು. ಮೊದಲ ಜೊತೆ ಹೋಯಿತು, ಎರಡನೆಯದು ಹೋಯಿತು, ಬಹಳ ಹೊತ್ತಿನ ಮೇಲೆ ಮೂರನೆಯದೂ ಹೋಯಿತು. ಸುತ್ತಲಿನ ಮೇಜುಗಳು ಖಾಲಿಯಾದವು. ಹಿಂದೆಲ್ಲ ಇಂಥ ಆಟವನ್ನು ಮರುದಿನಕ್ಕೆ ಎತ್ತಿಡುವ ಸಂಪ್ರದಾಯವಿತ್ತು. ಕಂಪ್ಯೂಟರ್ ಬಂದ ಮೇಲೆ 1990ರ ದಶಕದಲ್ಲಿ ಅದು ನಿಂತುಹೋಯಿತು. ಈಗ ನಡೆಗೆ 30 ಸೆಕೆಂಡು ಸೇರಿಸಿಕೊಡುವ ಗಡಿಯಾರವೇ ಗತಿ.

ಹುಡುಗ ನನ್ನ ರಾಜನನ್ನು ಕಾಲಾಳಿನ ದಾರಿಯಿಂದ ಆಚೆಗೆ ತಳ್ಳಲು ನೋಡಿದ. ನಾನು ಕೊನೆಯ ಮನೆ ಬಿಡಲಿಲ್ಲ. ಆನೆಯನ್ನು ಮೂರನೆಯ ಸಾಲಿಗೆ ಇಳಿಸಿದೆ. ಆಮೇಲೆ ಹದಿನೆಂಟು ನಡೆ ಅತ್ತ ಇತ್ತ, ಅತ್ತ ಇತ್ತ. ಈ ಅಲೆದಾಟದಲ್ಲಿ ಜಾಣತನ ಏನೂ ಇಲ್ಲ, ನೋಡುವವರಿಗೆ ಆಕಳಿಕೆ. ಆದರೆ ಪ್ರತಿಯೊಂದು ನಡೆಗೂ ಕೈ ನಡುಗುತ್ತದೆ. ಎಳೆಯ ಹುಡುಗನನ್ನು ದಣಿಸುತ್ತಿದ್ದೇನೆ ಎಂಬ ಸಂಕೋಚವೂ ಒಮ್ಮೆ ಬಂತು. ಆದರೆ ಅವನು ತಪ್ಪಲಿ ಎಂದು ನಾನು ಕಾದು ಕೂತಿರಲಿಲ್ಲವಷ್ಟೆ? ಈ ಸ್ಥಿತಿ ಅವನು ತಪ್ಪದಿದ್ದರೂ ಸಮವೇ. ಏಳು ಕಾಯಿಗಳವರೆಗಿನ ಸ್ಥಿತಿಗಳನ್ನು ಕಂಪ್ಯೂಟರು ಬಹುತೇಕ ಎಲ್ಲವನ್ನೂ 2012ರ ಹೊತ್ತಿಗೆ ಲೆಕ್ಕಹಾಕಿ ಮುಗಿಸಿದೆ. ನಮ್ಮ ಮುಂದಿದ್ದವು ಐದು. ಫಿಲಿಡೋರ್ ಹೇಳಿದ್ದನ್ನು ಯಂತ್ರವೂ ಅಲ್ಲಗಳೆದಿಲ್ಲ.

ಹುಡುಗ ಕಾಲಾಳನ್ನು ನೂಕಿದ. ನನ್ನ ಆನೆ ಆ ತುದಿಗೆ ಓಡಿತು. ಚೆಕ್, ರಾಜ ಸರಿದ, ಚೆಕ್, ಮತ್ತೆ ಸರಿದ. ಮರೆ ಸಿಗಲಿಲ್ಲ. ಎಂಟನೆಯ ಚೆಕ್‌ಗೆ ಅವನು ತಲೆಯೆತ್ತದೆ ಕೈ ಚಾಚಿದ. ಕಣ್ಣಲ್ಲಿ ನೀರಿತ್ತು.

ಏನು ಹೇಳಬೇಕೋ ತೋಚದೆ ನಾನು ಕಾಗದಕ್ಕೆ ರುಜು ಹಾಕುತ್ತಿದ್ದೆ. ಅಷ್ಟರಲ್ಲಿ ಅವನು ಮೂಗು ಒರೆಸಿಕೊಂಡು ಕಾಯಿಗಳನ್ನು ಹತ್ತು ನಡೆ ಹಿಂದಕ್ಕೆ ಇಟ್ಟ. “ಅಂಕಲ್, ಇಲ್ಲಿ ನಾನು ಪಾನ್ ನೂಕದೇ ಇದ್ದಿದ್ರೆ ನೀವೇನ್ ಮಾಡ್ತಿದ್ರಿ?”

“ಇದನ್ನೇ” ಎಂದು ಆನೆಯನ್ನು ಅದೇ ಸಾಲಿನಲ್ಲಿ ಒಂದು ಮನೆ ಸರಿಸಿ ತೋರಿಸಿದೆ.

“ಎಷ್ಟ್ ಹೊತ್ತು?”

“ಕಾಲಾಳು ನಡೆಯದೆ, ಕಾಯಿ ಹೊಡೆಯದೆ ಐವತ್ತು ನಡೆ ಆಗೋವರೆಗೆ.”

ಅವನಿಗೆ ನಂಬಿಕೆ ಬರಲಿಲ್ಲ. ತಾಯಿ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು. ನನಗೆ ಯಲ್ಲಾಪುರದ ಬಸ್ಸು ಹಿಡಿಯಬೇಕಿತ್ತು. “ಒಂದ್ಸಲ ಆಡಿ ನೋಡೋಣ” ಎಂದು ಅವನು ತನ್ನ ಆನೆಯನ್ನು ಎತ್ತಿದ.