ರಾಯಚೂರಿನ ಹವೆ

ಕಚೇರಿಯಲ್ಲಿ ಪ್ರೇಮ ನಿಧಾನವಾಗಿ ಬೆಳೆಯಿತೆಂದರೆ ನನಗೇನೂ ಆಶ್ಚರ್ಯವಾಗುವುದಿಲ್ಲ. ಅಲ್ಲಿ ಬೇಗ ಬೆಳೆಯುವುದು ಬಾಕಿ ಕಡತಗಳ ರಾಶಿಯೊಂದೇ. ತಂಗಿಯ ಮಗಳು ಓದಿ ಮುಗಿಸಿ ನನಗೆ ದಾಟಿಸಿದ ಇಂಗ್ಲಿಷ್ ಕಾದಂಬರಿಯಲ್ಲಿ ಒಂದೇ ಕಚೇರಿಯ ಇಬ್ಬರು ಗಂಡಸರು ಮೊದಲು ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಜಗಳವಾಡುತ್ತಾರೆ. ಅರ್ಧ ಪುಸ್ತಕ ಕಳೆಯುವ ಹೊತ್ತಿಗೆ ಒಬ್ಬನ ಕಾಫಿಗೆ ಸಕ್ಕರೆ ಎಷ್ಟೆಂಬುದು ಇನ್ನೊಬ್ಬನಿಗೆ ಗೊತ್ತಾಗುತ್ತದೆ. ಮುತ್ತು ಇನ್ನೂ ಎಷ್ಟೋ ಪುಟಗಳಾಚೆ. “ಆ ಕಾಯೋದರಲ್ಲೇ ಮಜಾ ಇರೋದು ಮಾವ” ಎಂದಳು. ಸರ್ಕಾರಿ ನೌಕರಿ ಮಾಡಿ ನಿವೃತ್ತನಾದವನಿಗೆ ಕಾಯುವ ಪಾಠ!

ಓದುತ್ತ ಓದುತ್ತ ನಮ್ಮ ಕಚೇರಿಯ ಇಬ್ಬರು ನೆನಪಾದರು. ಒಬ್ಬರು ಲೆಕ್ಕಪತ್ರದವರು, ಇನ್ನೊಬ್ಬರು ಟಪಾಲಿನವರು. ಇಬ್ಬರೂ ಮದುವೆಯಾಗಿರಲಿಲ್ಲ, ಕೇಳಿದರೆ ಜಾತಕದ ಮೇಲೆ ಹಾಕುತ್ತಿದ್ದರು. ಮಧ್ಯಾಹ್ನ ಡಬ್ಬಿ ತೆರೆದೊಡನೆ ಲೆಕ್ಕಪತ್ರದವರು ಉಪ್ಪಿಟ್ಟಿನೊಳಗಿನ ಗೋಡಂಬಿಗಳನ್ನು ಹುಡುಕಿ ಹುಡುಕಿ ಟಪಾಲಿನವರ ಮುಚ್ಚಳಕ್ಕೆ ಹಾಕುತ್ತಿದ್ದರು. ಆಡಿಟ್ ಬಂದಾಗಲೂ ಅವರಲ್ಲಿ ಅಷ್ಟು ಏಕಾಗ್ರತೆ ಕಂಡವರಿಲ್ಲ. ಟಪಾಲಿನವರ ಕೆಲಸ ಸಂಜೆ ಬೇಗ ಮುಗಿಯುತ್ತಿತ್ತು. ಆದರೂ ಇವರ ನಗದು ಪುಸ್ತಕ ತಾಳೆಯಾಗುವವರೆಗೆ ಎದುರಿಗೆ ಕೂತು ಅಂಚೆಚೀಟಿ ಎಣಿಸುತ್ತಿದ್ದರು. ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದರು. ಎಲ್‌.ಟಿ.ಸಿ. ಎಂಬ ಸರ್ಕಾರಿ ಪ್ರವಾಸ ಸವಲತ್ತು ಸಿಕ್ಕಾಗ ಜೊತೆಗೇ ಬದರಿಗೆ ಹೋಗಿ, ಒಂದೇ ಶಾಲು ಹೊದ್ದು ನಿಂತ ಫೋಟೋ ತಂದು ಎಲ್ಲರಿಗೂ ತೋರಿಸಿದರು. ಹಿಂದಿನ ದೇಗುಲ ಎಷ್ಟು ಚೆನ್ನಾಗಿ ಬಂದಿದೆ ಎಂದು ನಾವೆಲ್ಲ ಮೆಚ್ಚಿದೆವು.

ಅದೇ ಕಚೇರಿಯ ಟೈಪಿಸ್ಟ್ ಹುಡುಗಿಯೂ ಹೊಸ ಗುಮಾಸ್ತನೂ ಒಂದು ಮಳೆಯ ಸಂಜೆ ಒಂದೇ ಕೊಡೆಯಲ್ಲಿ ಬಸ್ ಸ್ಟಾಪಿಗೆ ನಡೆದದ್ದೇ ತಡ, ಮರುದಿನ ಕಾಫಿಯ ಹೊತ್ತಿಗೆ ಯೂನಿಯನ್ ಕಾರ್ಯದರ್ಶಿ ಛತ್ರದ ಬಾಡಿಗೆ ವಿಚಾರಿಸಿ ಆಗಿತ್ತು. ಗಂಡಸರಿಬ್ಬರಾದರೆ ಕಿರುಬೆರಳು ಹೆಣೆದುಕೊಂಡು ಇಡೀ ಜಾತ್ರೆ ಸುತ್ತಬಹುದಿತ್ತು. ಗೆಳೆತನವೆಂಬ ಹೊದಿಕೆ ಅಷ್ಟು ದೊಡ್ಡದಿತ್ತು. ಅದರಡಿ ಏನಿದೆಯೆಂದು ಎತ್ತಿ ನೋಡುವವರಿರಲಿಲ್ಲ. ಒಳಗಿದ್ದವರಿಗೆ ಬೆಚ್ಚಗಿತ್ತೋ, ಉಸಿರು ಕಟ್ಟುತ್ತಿತ್ತೋ. ಅವರದು ಪ್ರೇಮವೇ ಎಂದು ಷರಾ ಬರೆಯಲು ನಾನು ಯಾರು? ಅವರಂತೂ ಹೇಳಲಿಲ್ಲ. ಹೇಳಬಹುದಾದ ಕಾಲವೂ ಅದಲ್ಲ.

ಈಗಿನ ಕಾದಂಬರಿಗಳಲ್ಲಿ ಕಾಯಿಸುವುದು ಲೇಖಕರ ಜಾಣತನ. ನಮ್ಮವರನ್ನು ಕಾಯಿಸಿದ್ದು 1860ರ ದಂಡಸಂಹಿತೆ. ಗಂಡಸರಿಬ್ಬರು ಕೂಡುವುದನ್ನು ಅಪರಾಧವೆಂದಿದ್ದ ಅದರ 377ನೇ ಕಲಮನ್ನು ದೆಹಲಿ ಹೈಕೋರ್ಟು 2009ರಲ್ಲಿ ಸಡಿಲಿಸಿತು; 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಗಿ ಮಾಡಿತು. ಇಂಥ ಪ್ರೇಮದ ಕಥೆಗಳಿರುವ ವಸುಧೇಂದ್ರರ ‘ಮೋಹನಸ್ವಾಮಿ’ ಕನ್ನಡದಲ್ಲಿ ಬಂದದ್ದೂ ಅದೇ ವರ್ಷ. ಕಡತ ಕೊನೆಗೆ ವಿಲೇವಾರಿಯಾದದ್ದು 2018ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಅವರಿಬ್ಬರ ಪಿಂಚಣಿ ಖಾತೆಗಳೂ ಮುಚ್ಚಿದ್ದವು.

ಪುಸ್ತಕವನ್ನೂ ಹೀಗೇ ಕಾಯಿಸಿದವರುಂಟು. ಇಂಗ್ಲಿಷ್ ಲೇಖಕ ಇ. ಎಂ. ಫಾರ್‌ಸ್ಟರ್ ‘ಮಾರಿಸ್’ ಕಾದಂಬರಿ ಬರೆದದ್ದು 1913-14ರಲ್ಲಿ. ಸ್ನೇಹಿತರಿಗಷ್ಟೇ ತೋರಿಸಿ, ಆಗಾಗ ತಿದ್ದುತ್ತ, ಬದುಕಿರುವವರೆಗೂ ಅಚ್ಚಿಗೆ ಕೊಡಲಿಲ್ಲ. 1970ರಲ್ಲಿ ತೀರಿಕೊಂಡರು, ಮರುವರ್ಷ ಪುಸ್ತಕ ಹೊರಬಂತು. ಷೇರು ದಲ್ಲಾಳಿ ಮಾರಿಸ್, ಅವನ ಗೆಳೆಯನ ಎಸ್ಟೇಟಿನಲ್ಲಿ ಕಾವಲಿಗಿದ್ದ ಅಲೆಕ್. ಇವರಿಬ್ಬರೂ ಸುಖವಾಗಿಯೇ ಇರಬೇಕೆಂದು ಫಾರ್‌ಸ್ಟರ್ ಹಠ ಹಿಡಿದು, ಅರ್ಜೆಂಟೀನಾಕ್ಕೆ ಹೊರಟ ಹಡಗನ್ನು ಅಲೆಕ್ ಹತ್ತದಂತೆ ನೋಡಿಕೊಂಡರು. ಮೊದಲು ಅದಕ್ಕೊಂದು ಉಪಸಂಹಾರವೂ ಇತ್ತು: ಕೆಲವು ವರ್ಷಗಳ ಮೇಲೆ ಮಾರಿಸನ ತಂಗಿ ಸೌದೆ ಕಡಿಯುವ ಇಬ್ಬರನ್ನು ಕಾಣುತ್ತಾಳೆ. ಓದಿದ ಸ್ನೇಹಿತರಾರಿಗೂ ಹಿಡಿಸಲಿಲ್ಲವೆಂದು ಅದನ್ನು ಕಿತ್ತುಹಾಕಿದರು. ನನಗೆ ಬೇಕಾದದ್ದೇ ಆ ಪುಟ. ಸೇರಿದ ಮೇಲೆ ಕೊಡಲಿ ಹಿಡಿದವರಾರು, ಹೊರೆ ಹೊತ್ತವರಾರು, ‘ನಿನ್ನೆಯೂ ನಾನೇ ಹೊತ್ತೆ’ ಎಂದು ಗೊಣಗಿದವರಾರು?

ನಮ್ಮವರ ಉಪಸಂಹಾರ ಮಾತ್ರ ಉಳಿದಿದೆ. ಲೆಕ್ಕಪತ್ರದವರಿಗೆ ಬಡ್ತಿಯ ಮೇಲೆ ರಾಯಚೂರಿಗೆ ವರ್ಗವಾಯಿತು, ಅದೂ ಏಪ್ರಿಲ್ ತಿಂಗಳಲ್ಲಿ. ವಾರ ಕಳೆಯುವುದರೊಳಗೆ ಟಪಾಲಿನವರ ಅರ್ಜಿ ಬಂತು: ಬೆಂಗಳೂರಿನ ಹವೆ ದೇಹಕ್ಕೆ ಒಗ್ಗದ ಕಾರಣ ದಯಮಾಡಿ ರಾಯಚೂರಿಗೆ ವರ್ಗಾಯಿಸಬೇಕು. ಮೇಲಧಿಕಾರಿಗಳು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ರಾಯಚೂರು ಬೇಡವೆಂಬ ಅರ್ಜಿಗಳೇ ಒಂದು ಕಡತದ ತುಂಬ ಇದ್ದವು; ಬೇಕೆಂದದ್ದು ಇದೊಂದೇ. ಅಂದೇ ಮಂಜೂರಾಯಿತು. ಹವೆಯ ವಿಷಯ ಯಾರೂ ಕೆದಕಲಿಲ್ಲ.

ಮೇ ಕೊನೆಯಲ್ಲಿ ನಮ್ಮೆಲ್ಲರ ಹೆಸರಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಮೇಲರ್ಧ ಲೆಕ್ಕಪತ್ರದವರ ಅಕ್ಷರ: ಇಬ್ಬರೂ ಹಣ ಹಾಕಿ ಕೂಲರ್ ಕೊಂಡಿದ್ದೇವೆ, ರಾತ್ರಿ ನಿದ್ದೆ ಬರುತ್ತಿದೆ. ಕೆಳಗೆ ಟಪಾಲಿನವರದು: ಅದಕ್ಕೆ ದಿನಾ ನೀರು ಹೊತ್ತು ಹಾಕುವವನು ನಾನೊಬ್ಬನೇ. ಅಂಚಿನಲ್ಲಿ ಉಳಿದ ಇಷ್ಟಗಲ ಜಾಗದಲ್ಲಿ, ಕೆಂಪು ಶಾಯಿಯಲ್ಲಿ, ಮತ್ತೆ ಮೊದಲನೆಯ ಕೈ: “ಲೆಕ್ಕ ತಪ್ಪು. ಭಾನುವಾರ ನಾನು.”