ಬಕ್ತರ್‌ಬಂದ್ ಗಾಡಿ

ಎಳವೆಯಲ್ಲಿ ದಾದಾನಿಗೆ ಉರ್ದು ಪತ್ರಿಕೆ ಓದಿ ಹೇಳುವ ಕೆಲಸ ನಮ್ಮದಾಗಿತ್ತು. ‘ಬಕ್ತರ್‌ಬಂದ್ ಗಾಡಿ’ ಎಂಬ ಮಾತು ನಮಗೆ ಸಿಕ್ಕಿದ್ದು ಅಲ್ಲಿಯೇ. ಬಕ್ತರ್ ಎಂದರೆ ಕವಚ. ಕವಚ ತೊಟ್ಟ ಗಾಡಿ ಯಾರನ್ನೋ ಕಾಯಲು ಹೊರಟಿರಬೇಕು ಎಂದುಕೊಳ್ಳುತ್ತಿದ್ದೆವು.

ದಕ್ಷಿಣ ಆಫ್ರಿಕದ ಕ್ಯಾಸ್ಪಿರ್ ಗಾಡಿಯ ಕತೆ ಓದಿದಾಗ ಆ ನಂಬಿಕೆ ಅಲುಗಿತು. 1970ರ ದಶಕದಲ್ಲಿ ರೊಡೇಶಿಯ ಮತ್ತು ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರಗಳಿಗೆ ನೆಲಬಾಂಬಿನ ಭಯ. ಹುಡುಕಿದ ಉಪಾಯ ಸರಳ: ಗಾಡಿಯ ತಳವನ್ನು ದೋಣಿಯ ತಳದಂತೆ ಚೂಪು ಮಾಡಿ, ನೆಲದಿಂದ ಎತ್ತರಕ್ಕೆ ಕೂರಿಸುವುದು. ಸ್ಫೋಟದ ರಭಸ ಇಬ್ಬದಿಗೆ ಹರಿದುಹೋಗುತ್ತದೆ. ಚಕ್ರ ಕಿತ್ತುಹೋದರೂ ಒಳಗಿದ್ದವರು ಬದುಕುತ್ತಾರೆ. ಮೆಚ್ಚದಿರಲಾಗದು. ಒಳಗಿದ್ದವನೂ ಒಬ್ಬ ತಾಯಿಯ ಮಗನೇ ಅಲ್ಲವೇ? ಆದರೆ ಕವಚ ದಪ್ಪವಾದಂತೆ ಹೂಳುವ ಮದ್ದೂ ಹೆಚ್ಚುತ್ತದೆ. 2018ರ ಮಾರ್ಚ್‌ನಲ್ಲಿ ನಮ್ಮದೇ ದೇಶದ ಸುಕ್ಮಾದಲ್ಲಿ ಮಾವೋವಾದಿಗಳು ಇಂಥದೊಂದು ಗಾಡಿಯನ್ನೇ ಸಿಡಿಸಿದರು. 9 ಮಂದಿ ಸಿಆರ್‌ಪಿಎಫ್ ಜವಾನರು ಸತ್ತರು.

ಕ್ಯಾಸ್ಪಿರ್ ಗಡಿಯಲ್ಲಷ್ಟೇ ಉಳಿಯಲಿಲ್ಲ. 1980ರ ದಶಕದಲ್ಲಿ ಪೊಲೀಸರು ಅದನ್ನು ಕರಿಯರ ಕೇರಿಗಳಿಗೆ ನುಗ್ಗಿಸಿದರು. ಅಲ್ಲಿ ಎದುರು ನಿಂತವರು ಕಲ್ಲು ಹಿಡಿದ ಹುಡುಗರು. ಈಗ ಕವಚ ಯಾರಿಗೆ, ಯಾರಿಂದ?

2016ರಲ್ಲಿ ರಾಲ್ಫ್ ಝೀಮನ್ ಎಂಬ ಕಲಾವಿದ ಅಂಥ ಒಂದು ಕ್ಯಾಸ್ಪಿರ್‌ನ ಮೈತುಂಬ ಬಣ್ಣಬಣ್ಣದ ಮಣಿ ಹೊದಿಸಿದರು. ಅದರ ಚಿತ್ರ ನೋಡಿದ ನಮ್ಮ ಮಗಳು ಕೇಳಿದಳು, “ಅಬ್ಬಾ, ಇದು ಯಾರ ಮದುವೆಯ ಗಾಡಿ?”

ಪೊಲೀಸರದು, ಎಂದೆವು.